ಸದ್ದಿಲ್ಲದ ಸಾಮಾನು

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ವಯಸ್ಸಾದ ಮೇಲೆ ಸ್ವಲ್ಪ ಒಳಕ್ಕೆ ಸರಿದಿದೆ ಎಂದು ಮನೆಯವರು ಹೇಳುತ್ತಾರೆ, ನಾನು ನಂಬುವುದಿಲ್ಲ. ಎಂಬತ್ತೈದನೆಯ ಇಸವಿಯಲ್ಲಿ, ಪೊಳ್ಳಾಚಿಯ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ಸರ್ಜನ್ ಆಗಿದ್ದಾಗ, ಅದು ಊರಿಗೇ ಗೊತ್ತಿದ್ದ ವಿಷಯ. ಆಪರೇಷನ್ ಮಾಡುವಾಗ ನಾನು ಕಣ್ಣೆತ್ತುತ್ತಿರಲಿಲ್ಲ, ಬಾಯಿ ಬಿಡುತ್ತಿರಲಿಲ್ಲ. ಬಲಗೈ ಚಾಚಿದರೆ ಮುಂದೆ ಏನು ಬೇಕೋ ಅದು ಅಂಗೈಗೆ ಬಂದು ಕೂರಬೇಕು. ನರ್ಸು ಪಂಕಜಂ ಹಾಗೇ ಕೊಡುತ್ತಿದ್ದಳು. ಅಪ್ಪಿತಪ್ಪಿ ಬೇರೆಯದು ಬಂದರೆ ನಾನು ಅದನ್ನು ನೆಲಕ್ಕೆ ಎಸೆಯುತ್ತಿದ್ದೆ. ಆ ಸದ್ದಿಗೆ ಹೊರಗೆ ಬೆಂಚಿನ ಮೇಲೆ ಕೂತ ರೋಗಿಯ ಕಡೆಯವರೂ ಬೆಚ್ಚುತ್ತಿದ್ದರಂತೆ.

ಇಂಥ ಶಿಸ್ತಿನವಳಾದ ನನಗೆ ವಾರಕ್ಕೆರಡು ದಿನ ಓಡಾಡಲು ಕೊಟ್ಟಿದ್ದದ್ದು ಲಿಂಗಪ್ಪನ್ ಅವರ ಜೀಪು. ಆಸ್ಪತ್ರೆಯ ಜೀಪೇ, ಆದರೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಹದಿನೆಂಟು ವರ್ಷದಿಂದ ಅದನ್ನು ಓಡಿಸಿದವರೂ ರಿಪೇರಿ ಮಾಡಿದವರೂ ಅವರೊಬ್ಬರೇ. ಆನೆಮಲೆಯ ಬುಡದಲ್ಲಿ ದನ ಕಾಯುವವರು ಬೇಲಿ ಕಟ್ಟಿ, ಗುಡಿಸಲು ಹಾಕಿಕೊಂಡಿರುತ್ತಾರೆ; ಪಟ್ಟಿ ಎನ್ನುತ್ತಾರೆ. ಅಂಥ ಪಟ್ಟಿಗಳಿಗೆಲ್ಲ ಔಷಧಿ ಪೆಟ್ಟಿಗೆ ಹೊತ್ತು ಹೋಗುವುದು ನಮ್ಮ ಕೆಲಸ. ಅಲ್ಲಿಗೆ ರಸ್ತೆ ಅನ್ನುವುದು ಇರಲಿಲ್ಲ. ಹಳ್ಳ, ಬಂಡೆ, ಕೆಸರು, ಅವುಗಳ ನಡುವೆ ಲಿಂಗಪ್ಪನ್ ಅವರಿಗೆ ಮಾತ್ರ ಕಾಣುವ ಒಂದು ದಾರಿ.

ಅವರ ಮನೆಮಾತು ಕನ್ನಡ. ಪೊಳ್ಳಾಚಿಯ ಪಕ್ಕದ ಹಳ್ಳಿಯ ಒಕ್ಕಲು ಮನೆತನ. ಎಷ್ಟು ತಲೆಮಾರಿನ ಹಿಂದೆ ಬಂದವರೋ ಅವರಿಗೇ ಗೊತ್ತಿಲ್ಲ. ನಾನು ಕೊಯಮತ್ತೂರಿನ ಕನ್ನಡ ಮನೆಯ ಹುಡುಗಿ. ನಮ್ಮಪ್ಪ ಊಟದ ಎಲೆಯ ಮುಂದೆ ಒಂದು ತಮಿಳು ಮಾತು ಬಿದ್ದರೂ ಹುಬ್ಬು ಗಂಟಿಕ್ಕುತ್ತಿದ್ದರು. ಹಾಗಾಗಿ ಜೀಪಿನಲ್ಲಿ ಒಬ್ಬ ಕನ್ನಡಿಗರು ಸಿಕ್ಕಿದ್ದು ನನಗೆ ಖುಷಿಯೇ. ಆದರೆ ಆ ಜೀಪಿನ ಒಳಗನ್ನು ನೋಡಿದಾಗಲೆಲ್ಲ ಮೈ ಉರಿಯುತ್ತಿತ್ತು.

ಹಿಂದಿನ ಎರಡು ಬೆಂಚುಗಳ ಕೆಳಗೆ, ಸೀಟಿನ ಹಿಂದೆ, ಬಾಗಿಲ ಕಂಬಕ್ಕೆ, ಎಲ್ಲೆಂದರಲ್ಲಿ ಬಟ್ಟೆಯ ಸುರುಳಿಗಳು. ಸೋಮನೂರಿನ ಮಗ್ಗದಲ್ಲಿ ಉಳಿದ ದಪ್ಪ ಬಟ್ಟೆಯನ್ನು ತಂದು ಅವರ ಹೆಂಡತಿ ಮಲ್ಲಿಗಾ ಜೇಬು ಜೇಬಾಗಿ ಹೊಲಿದುಕೊಟ್ಟಿದ್ದಳು. ಒಂದೊಂದು ಜೇಬಿನಲ್ಲಿ ಒಂದೊಂದು ಸ್ಪ್ಯಾನರು, ಒಂದೊಂದರ ಬಾಯಿಗೂ ದಾರ, ದಾರಕ್ಕೆ ಗಂಟು. ಬೇರಿಂಗು, ಬೆಲ್ಟು, ಪಾಯಿಂಟು ಮುಂತಾದ ಬಿಡಿ ಸಾಮಾನನ್ನೆಲ್ಲ ತಿರುಪ್ಪೂರಿನ ಬನಿಯನ್ ವೇಸ್ಟಿನಲ್ಲಿ ಹಸುಗೂಸಿನಂತೆ ಸುತ್ತಿಟ್ಟಿದ್ದರು. ಸುತ್ತಿಗೆ ಒಂದು ಕಡೆ, ಅದರ ಜೊತೆಯ ಉಳಿ ಇನ್ನೊಂದು ಕಡೆ, ಮಣ್ಣುಮೆತ್ತಿದ ಎರಡು ಹುಣಸೆಮರದ ತುಂಡು ಹಿಂಬಾಗಿಲ ಹತ್ತಿರ. ಎಲ್ಲಕ್ಕೂ ಎಣ್ಣೆ, ಎಲ್ಲಕ್ಕೂ ಕಪ್ಪು. ನನ್ನ ಸೀರೆಯ ಅಂಚು ಎಷ್ಟು ಸಲ ಹಾಳಾಯಿತೋ ಲೆಕ್ಕವಿಲ್ಲ.

"ಏನ್ರೀ ಇದು, ಗುಜರಿ ಅಂಗಡಿ ಥರ?" ಎಂದು ಒಮ್ಮೆ ಕೇಳಿದ್ದೆ.

"ಎಲ್ಲಾ ಅದರದರ ಜಾಗದಾಗೆ ಅದೆ ಅಮ್ಮಾ," ಎಂದು ನಕ್ಕಿದ್ದರು. ಇನ್ನೂ ಏನೋ ಹೇಳಲು ಹೊರಟಿದ್ದರು. ನಾನು ಗಡಿಯಾರ ನೋಡಿಕೊಂಡೆ, ಅವರು ಗಾಡಿ ಸ್ಟಾರ್ಟ್ ಮಾಡಿದರು.

ಆ ವರ್ಷದ ಆಯುಧಪೂಜೆಗೆ ಲಿಂಗಪ್ಪನ್ ಎಂದಿನಂತೆ ಜೀಪಿನ ಸಾಮಾನನ್ನೆಲ್ಲ ಇಳಿಸಿ ಆಸ್ಪತ್ರೆಯ ಪೂಜೆಯ ಮೂಲೆಯಲ್ಲಿ ಹರಡಿದರು. ನನ್ನ ಚಾಕು ಕತ್ತರಿಗಳ ತಟ್ಟೆಯೂ ಅಲ್ಲೇ ಪಕ್ಕದಲ್ಲಿ ಕೂತಿತ್ತು. ಗಂಧ, ಕುಂಕುಮ, ಪೊರಿ ಎನ್ನುವ ಮಂಡಕ್ಕಿ, ಕಡಲೆ ಎಲ್ಲ ಆಯಿತು. ನಮ್ಮ ಕಡೆ ಆ ದಿನ ಪೂಜೆಗಿಟ್ಟ ಆಯುಧವನ್ನು ಯಾರೂ ಕೆಲಸಕ್ಕೆ ಎತ್ತುವುದಿಲ್ಲ. ಮರುದಿನ ಬೆಳಿಗ್ಗೆ ಮತ್ತೊಂದು ಪೂಜೆ ಮಾಡಿಯೇ ಕೈಗೆ ತಗೊಳ್ಳುವುದು. ಲಿಂಗಪ್ಪನ್ ಮಧ್ಯಾಹ್ನ ಊರಿಗೆ ಹೋದರು, ಅಲ್ಲಿ ನೇಗಿಲಿಗೂ ಪಂಪ್‌ಸೆಟ್ಟಿಗೂ ಪೂಜೆ ಆಗಬೇಕಲ್ಲ.

ಆಸ್ಪತ್ರೆ ಬಿಕೋ ಎನ್ನುತ್ತಿತ್ತು. ನನಗೆ ಕೆಲಸವಿಲ್ಲದೆ ಕೂತು ಅಭ್ಯಾಸವಿಲ್ಲ. ಬಳಸಬಾರದು ಅಂದರೆ ಜೋಡಿಸಬಾರದು ಅಂತಲ್ಲವಲ್ಲ ಎಂದು ನನಗೆ ನಾನೇ ಶಾಸ್ತ್ರ ಹೇಳಿಕೊಂಡು ಸೆರಗು ಬಿಗಿದೆ. ಅಡುಗೆಮನೆಯಿಂದ ಹನ್ನೊಂದು ಬಿಸ್ಕತ್ ಡಬ್ಬ ತರಿಸಿದೆ. ಸಾಮಾನನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಅಳಿಸಿದ ಕುಂಕುಮವನ್ನು ಮತ್ತೆ ಇಟ್ಟೆ. ಸ್ಪ್ಯಾನರುಗಳೆಲ್ಲ ಒಂದು ಡಬ್ಬಕ್ಕೆ, ಇಕ್ಕುಳಗಳು ಒಂದಕ್ಕೆ, ಬೇರಿಂಗುಗಳು ಒಂದಕ್ಕೆ. ಮಲ್ಲಿಗಾ ಹೊಲಿದ ಸುರುಳಿಗಳನ್ನು ಅಗಸರಿಗೆ ಹಾಕಿದೆ, ಬನಿಯನ್ ವೇಸ್ಟಿಗೆ ಬೆಂಕಿ ಇಟ್ಟೆ, ಮರದ ತುಂಡುಗಳನ್ನು ಅಡುಗೆಮನೆಯ ಸೌದೆಗೆ ಸೇರಿಸಿದೆ. ಕೊನೆಗೆ ಡಬ್ಬಗಳ ಮೇಲೆ ದುಂಡಗೆ ಹೆಸರು ಬರೆದು ಅಂಟಿಸಿ, ಅದೂ ಅಚ್ಚ ಕನ್ನಡದಲ್ಲಿ, ಜೀಪಿನ ಹಿಂಭಾಗಕ್ಕೆ ಏರಿಸಿದೆ. ಸ್ಪ್ಯಾನರಿಗೆ ಕನ್ನಡ ತೋಚದೆ ಅರ್ಧ ಗಂಟೆ ಯೋಚಿಸಿ 'ತಿರುಚುಗೋಲು' ಎಂದು ನಾನೇ ಹುಟ್ಟಿಸಿದೆ. ಪಾಪ, ತಮಿಳು ಬೋರ್ಡುಗಳ ನಡುವೆ ಬದುಕುವ ಕನ್ನಡದ ಮನುಷ್ಯ, ತನ್ನ ಭಾಷೆಯ ಅಕ್ಷರ ನೋಡಿ ಕಣ್ಣು ತುಂಬಿಕೊಳ್ಳಲಿ ಎಂದು ನನ್ನ ಆಸೆ.

ಮರುದಿನ ಬೆಳಿಗ್ಗೆ ಲಿಂಗಪ್ಪನ್ ಬಂದು ಜೀಪಿನ ಹಿಂಬಾಗಿಲು ತೆರೆದರು. ಕೈಯಲ್ಲಿ ಊರಿಂದ ತಂದ ಪೊರಿಯ ಪೊಟ್ಟಣ ಇತ್ತು. ಒಂದು ಡಬ್ಬದ ಮೇಲಿನ ಚೀಟಿಯನ್ನು ಬೆರಳಿಂದ ಸವರಿದರು.

"ಹೇಗಿದೆ?" ಎಂದೆ.

"ಚೆಂದಾಗದೆ ಅಮ್ಮಾ," ಎಂದರು. ಮತ್ತೆ, "ಮಲ್ಲಿಗಾ ಹೊಲ್ದ ಬಟ್ಟೆ..?"

"ಒಗೆಯೋಕೆ ಹಾಕಿದೀನಿ. ವಾಸನೆ ತಡಿಯೋಕಾಗ್ತಿರಲಿಲ್ಲ."

ಅವರು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಫೋನು ಹೊಡೆದುಕೊಂಡಿತು. ಕಾಡಿನ ಚೆಕ್‌ಪೋಸ್ಟಿನಿಂದ. ಕರಡಿಪಾಳಿ ಪಟ್ಟಿಯಲ್ಲಿ ದನ ಕಾಯುವ ಮಯಿಲ್‌ಸಾಮಿಗೆ ಬೆಳಕು ಹರಿಯುವ ಹೊತ್ತಿಗೆ ನಾಗರಹಾವು ಕಚ್ಚಿದೆ, ಹೊತ್ತು ತರುವಷ್ಟು ಸಮಯ ಇಲ್ಲ. ಪೂಜೆ ಮಾಡುವುದಕ್ಕೂ ಡಬ್ಬ ಬಿಚ್ಚುವುದಕ್ಕೂ ಬಿಡುವಿರಲಿಲ್ಲ. ನಾನು ವಿಷದ ಮದ್ದಿನ ಸೀಸೆಗಳನ್ನು ಐಸಿನ ಫ್ಲಾಸ್ಕಿಗೆ ತುಂಬಿಕೊಂಡು ಬಂದು ಹತ್ತಿದೆ.

ಟಾರು ರಸ್ತೆ ಮುಗಿದು ಕಲ್ಲುದಾರಿ ಶುರುವಾದದ್ದೇ ಹನ್ನೊಂದು ಡಬ್ಬಗಳೂ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ಮದುವೆಮನೆಯಲ್ಲಿ ಪಾತ್ರೆ ತೊಳೆಯುವ ಕಡೆ ಕೂತಂತೆ ಆಯಿತು. ಆಗ ನನಗೆ ಹೊಳೆಯಿತು: ಈ ಜೀಪಿನಲ್ಲಿ ಎರಡು ವರ್ಷ ಓಡಾಡಿದ್ದೇನೆ, ಒಂದು ದಿನವೂ ಹಿಂದಿನಿಂದ ಒಂದು ಕಿಣಿ ಎನ್ನುವ ಸದ್ದು ಬಂದದ್ದಿಲ್ಲ.

"ಅಮ್ಮಾ, ಈ ಡಬ್ಬದ ಸದ್ದು..." ಎಂದರು ಲಿಂಗಪ್ಪನ್.

"ಜೀಪು ಅಂದಮೇಲೆ ಸದ್ದು ಇರತ್ತೆ! ಸ್ವಲ್ಪ ಬೇಗ ಓಡಿಸಿ."

ಅವರು ವೇಗ ಹೆಚ್ಚಿಸಿದರು. ದಾರಿಯುದ್ದಕ್ಕೂ ತಲೆಯನ್ನು ಬಲಕ್ಕೆ ಹೊರಗೆ ವಾಲಿಸಿ, ಕಿವಿ ಕೆಳಗೆ ಮಾಡಿ ಓಡಿಸಿದರು. ಚಕ್ರ ನೋಡುತ್ತಿದ್ದಾರೆ ಎಂದುಕೊಂಡೆ. ನನ್ನ ತಲೆ ಪೂರ್ತಿ ಹಾವಿನ ವಿಷದಲ್ಲಿತ್ತು.

ಮಯಿಲ್‌ಸಾಮಿಗೆ ಮೂವತ್ತೂ ಆಗಿರಲಿಲ್ಲ. ಹಗ್ಗದ ಮಂಚದ ಮೇಲೆ ಮಲಗಿಸಿದ್ದರು. ರೆಪ್ಪೆಗಳು ಅರ್ಧ ಇಳಿದಿದ್ದವು, ಜೊಲ್ಲು ನುಂಗಲು ಆಗುತ್ತಿರಲಿಲ್ಲ, ಮಾತು ಮೂಗಿನಲ್ಲಿ ಬರುತ್ತಿತ್ತು. ಹೆಂಡತಿ ಚಂದ್ರಾ ಅವನ ಪಾದ ಹಿಡಿದು ಕೂತಿದ್ದಳು. ಅವಳಿಗೆ ಅಳಲೂ ಪುರುಸೊತ್ತಿಲ್ಲದಷ್ಟು ಭಯ. ಮದ್ದನ್ನೆಲ್ಲ ಡ್ರಿಪ್ಪಿನಲ್ಲಿ ಕೊಟ್ಟೆ, ನರಗಳಿಗೆ ಶಕ್ತಿ ಬರಲು ಇನ್ನೊಂದು ಇಂಜೆಕ್ಷನ್ನೂ ಕೊಟ್ಟೆ. ಅದು ಕೆಲವರಿಗೆ ಹಿಡಿಯುತ್ತದೆ, ಕೆಲವರಿಗಿಲ್ಲ. ಹಿಡಿದರೂ ಹೊತ್ತು ಬೇಕು. ಅಷ್ಟರೊಳಗೆ ಉಸಿರಾಡುವ ಶಕ್ತಿಯೇ ನಿಂತುಹೋದರೆ ಏನು ಮಾಡುವುದು ಎನ್ನುವುದೊಂದೇ ಪ್ರಶ್ನೆ. ಆಕ್ಸಿಜನ್, ಮತ್ತಷ್ಟು ಮದ್ದು, ಅರಿವಳಿಕೆ ಡಾಕ್ಟರು, ಎಲ್ಲ ಇದ್ದದ್ದು ಪೊಳ್ಳಾಚಿಯಲ್ಲಿ. ಅವನನ್ನು ಜೀಪಿನ ನೆಲದ ಮೇಲೆ, ತಲೆ ಡ್ರೈವರ್ ಸೀಟಿನ ಹಿಂದೆ ಬರುವ ಹಾಗೆ ಮಲಗಿಸಿದೆವು. ಚಂದ್ರಾ ಕಾಲ ಬಳಿ ಕೂತಳು.

ಎರಡು ಮೈಲಿ ಇಳಿಯುವಷ್ಟರಲ್ಲಿ ಅವನ ಎದೆ ಏಳುವುದು ಕಡಿಮೆಯಾಗುತ್ತಾ ಬಂದು ನಿಂತೇಹೋಯಿತು. ನಾನು ಔಷಧಿ ಪೆಟ್ಟಿಗೆಯಿಂದ ಉಸಿರು ಕೊಡುವ ಸಾಧನ ತೆಗೆದು, ಅದರ ಮುಚ್ಚಳವನ್ನು ಮೂಗುಬಾಯಿಗೆ ಒತ್ತಿಹಿಡಿದು, ಅದಕ್ಕೆ ಅಂಟಿದ ರಬ್ಬರ್ ಚೀಲ ಅಮುಕಲು ಶುರುಮಾಡಿದೆ. ಇನ್ನು ಅವನಿಗೆ ಗಾಳಿ ಅಂದರೆ ಆ ಚೀಲದಲ್ಲಿದ್ದಷ್ಟೇ. ಅಮುಕಿದರೆ ಬದುಕು, ಬಿಟ್ಟರೆ ಇಲ್ಲ.

ಆಗಲೇ ಕೆಳಗಿನಿಂದ ಭಡಭಡ ಎಂದು, ಯಾರೋ ಗದೆಯಲ್ಲಿ ಜೀಪಿನ ಹೊಟ್ಟೆಗೆ ಹೊಡೆದಂತೆ ಆಯಿತು. ಗಾಡಿ ಅಲುಗಾಡಿ ನಿಂತಿತು.

"ಕ್ರಾಸು ಹೋಯ್ತು," ಎಂದರು ಲಿಂಗಪ್ಪನ್.

ಎಂಜಿನ್ ತಿರುಗಿದ್ದನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸಲು ಜೀಪಿನ ಅಡಿಯಲ್ಲಿ ಒಂದು ಉದ್ದನೆಯ ಕಬ್ಬಿಣದ ದಂಡ ಇರುತ್ತದೆ. ಅದರ ಕೀಲಿನಲ್ಲಿ ಇರುವ, ಕೂಡುವ ಗುರುತಿನ ಆಕಾರದ ತುಂಡೇ ಕ್ರಾಸು. ಅದು ಒಡೆದು, ದಂಡದ ಹಿಂದಿನ ತುದಿ ನೆಲಕ್ಕೆ ಜೋತುಬಿದ್ದಿತ್ತು. ಈ ಕೀಲು ಒಡೆಯುವ ಎಷ್ಟೋ ಮೊದಲೇ ಟಿಕ್ ಟಿಕ್ ಎಂದು ಸಣ್ಣಗೆ ಹೇಳಿಕೊಳ್ಳುತ್ತದಂತೆ. ಹದಿನೆಂಟು ವರ್ಷದಲ್ಲಿ ಒಂದು ಕ್ರಾಸೂ ದಾರಿಯಲ್ಲಿ ಒಡೆದದ್ದಿಲ್ಲ, ಪ್ರತಿ ಸಲವೂ ಅವರು ಮೊದಲೇ ಕೇಳಿಸಿಕೊಂಡು ಬದಲಾಯಿಸಿದ್ದರು. ಇದನ್ನು ಅವರು ಹೇಳಲಿಲ್ಲ, ವಾರಗಳಾದ ಮೇಲೆ ನಾನೇ ಕೆದಕಿ ತಿಳಿದುಕೊಂಡೆ. ಆದರೆ ಆ ಗಳಿಗೆಯಲ್ಲೇ ನನಗೆ ಗೊತ್ತಾಗಿತ್ತು. ಬೆಳಿಗ್ಗೆಯಿಂದ ಆ ಮನುಷ್ಯ ಕಿವಿ ಹೊರಗೆ ಚಾಚಿದ್ದು ಯಾಕೆ, ಡಬ್ಬದ ಸದ್ದು ಎಂದದ್ದು ಯಾಕೆ, ಎಲ್ಲ.

ಇಳಿಜಾರು, ಕೆಸರು. ಕೈಬ್ರೇಕು ಹಿಡಿಯುವುದು ಆ ದಂಡವನ್ನೇ, ಹಾಗಾಗಿ ಅದೂ ಇಲ್ಲ. ಲಿಂಗಪ್ಪನ್ ಕಾಲಲ್ಲೇ ಬ್ರೇಕು ಒತ್ತಿ ಹಿಡಿದಿದ್ದರು. ಅವರು ಇಳಿದರೆ ಜೀಪು ಜಾರುತ್ತದೆ.

"ಚಂದ್ರಾ, ಹಿಂಬಾಕಿಲ ಹತ್ರ ಎರಡು ಮರದ ತುಂಡು ಅದೆ, ಚಕ್ರಕ್ಕೆ ಕೊಡು ತಾಯಿ."

ಚಂದ್ರಾ ತಡಕಿದಳು. "ಇಲ್ಲೇನೂ ಇಲ್ಲಾ ಅಣ್ಣಾ."

"ಸೌದೆಗೆ ಹಾಕಿಬಿಟ್ಟೆ," ಎಂದೆ.

ಒಂದು ಕ್ಷಣ, ಒಂದೇ ಒಂದು ಕ್ಷಣ, ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಆ ಜಾಗದಲ್ಲಿ ನಾನಿದ್ದಿದ್ದರೆ ಏನು ಎಸೆಯುತ್ತಿದ್ದೆನೋ. ಅವರು, "ಪರವಾಯಿಲ್ಲೆ. ಚಂದ್ರಾ, ಕಲ್ಲು ತಾ. ದೊಡ್ಡದಾ, ಮೂಲೆ ಇರೋದು," ಎಂದಷ್ಟೇ ಹೇಳಿದರು. ಅವಳು ಹಳ್ಳದಂಚಿಗೆ ಓಡಿ, ಹೊಟ್ಟೆಗೆ ಆನಿಸಿಕೊಂಡು ನಾಲ್ಕು ಕಲ್ಲು ಹೊತ್ತು ತಂದು ಚಕ್ರಗಳಿಗೆ ಕೊಟ್ಟಳು.

"ಹೊಸ ಕ್ರಾಸು ಹಾಕಾಕೆ ಮುಕ್ಕಾಲು ಗಂಟೆ ಬೇಕು," ಎಂದರು ಇಳಿಯುತ್ತಾ. "ಅಷ್ಟು ಹೊತ್ತು ಇಲ್ಲೆ. ದಂಡ ಬಿಚ್ಚಿ ಬಿಸಾಕ್ತೀನಿ. ಮುಂದಿನ ಚಕ್ರ ಎಳೀತದೆ. ಅಮ್ಮಾ, ಹಾಫ್ ಇಂಚು ಸ್ಪ್ಯಾನರು ಯಾವ ಡಬ್ಬ?"

"ಹೆಸರು ಬರೆದಿದೀನಲ್ಲ! ತಿರುಚುಗೋಲು ಅಂತ ಇದೆ ನೋಡಿ!"

ಅವರು ಡಬ್ಬಗಳ ಕಡೆ ನೋಡಿದರು. ಮತ್ತೆ ನನ್ನ ಕಡೆ. "ನಂಗೆ ತಮಿಳು ಮಾತ್ರಾ ಓದಾಕೆ ಬತ್ತದೆ ಅಮ್ಮಾ," ಎಂದರು, ತಪ್ಪು ತಮ್ಮದೇ ಎಂಬಂತೆ.

ಎರಡು ವರ್ಷ ಒಂದೇ ಜೀಪಿನಲ್ಲಿ ಕೂತು ಮಾತಾಡಿದ ಮನುಷ್ಯನಿಗೆ ಅವನ ಮನೆಮಾತಿನ ಅಕ್ಷರ ಬರುತ್ತದೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ. ಅವರು ಬೆಳಿಗ್ಗೆ ಚೀಟಿ ಸವರಿದ್ದನ್ನು ನಾನು ಅಭಿಮಾನ ಎಂದುಕೊಂಡಿದ್ದೆ. ಭೂಮಿ ಬಾಯಿಬಿಡಬಾರದೇ ಅನಿಸಿತು. ಆದರೆ ನಾಚಿಕೊಳ್ಳುತ್ತಾ ಕೂರುವ ಹೊತ್ತು ಅದಲ್ಲ.

ಚಂದ್ರಾಳನ್ನು ಹತ್ತಿರ ಎಳೆದು ಅವಳ ಎಡಗೈಯನ್ನು ಮುಚ್ಚಳದ ಮೇಲೂ ಬಲಗೈಯನ್ನು ಚೀಲದ ಮೇಲೂ ಇಟ್ಟೆ. "ನೀನು ಉಸಿರು ಎಳಕೊಂಡಾಗೆಲ್ಲ ಇವನಿಗೂ ಒಂದು ಕೊಡು. ನಿನ್ನ ಎದೆ ಎದ್ದರೆ ಇವನ ಎದೆ ಏಳಬೇಕು. ನಿಲ್ಲಿಸಬೇಡ." ಅವಳು ತಲೆಯಾಡಿಸಿದಳು. ನಾಲ್ಕು ಸಲ ನೋಡಿದೆ, ಅವನ ಎದೆ ಎದ್ದು ಇಳಿಯಿತು. ಹಾಲು ಕರೆದ ಕೈ, ನನಗಿಂತ ಹದವಾಗಿತ್ತು. ನಾನು ಹಾರಿ ಕೆಳಗಿಳಿದೆ.

ಲಿಂಗಪ್ಪನ್ ಆಗಲೇ ಜೀಪಿನ ಅಡಿಗೆ ಮಲಗಿ ಒಳಗೆ ಸರಿದಿದ್ದರು. ಅವರ ಎಡಗೈ ಹೊರಗೆ ಬಂತು. ನೋಡದೆ, ತಡಕದೆ, ನೇರವಾಗಿ ಹಿಂದಿನ ಬೆಂಚಿನ ಕೆಳಗೆ ಒಂದು ಕಡೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ನೆನಪಾಗಿ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೈ, ಮತ್ತೆ ಅದೇ ಜಾಗ.

ಅದನ್ನು ನೋಡಿ ನಾನು ಕೆಸರಿನಲ್ಲಿ ಮಂಡಿಯೂರಿಬಿಟ್ಟೆ. ಆ ಜೀಪಿನಲ್ಲಿ ಗುಜರಿ ಎನ್ನುವುದು ಯಾವತ್ತೂ ಇರಲಿಲ್ಲ. ಸುತ್ತಿಗೆ ಒಂದು ಕಡೆ ಉಳಿ ಇನ್ನೊಂದು ಕಡೆ ಯಾಕೆಂದರೆ, ಅಡಿಯಲ್ಲಿ ಮಲಗಿದವನ ಎಡಗೈಗೆ ಒಂದು ಬೇಕು, ಬಲಗೈಗೆ ಇನ್ನೊಂದು. ದಾರದ ಗಂಟುಗಳು ಕಣ್ಣಿಗಲ್ಲ, ಬೆರಳಿಗೆ. ಯಾವ ಕೆಲಸಕ್ಕೆ ಎಲ್ಲಿ ಮಲಗಬೇಕು, ಕೂರಬೇಕು, ಅಲ್ಲಿಂದ ಕೈ ಎಷ್ಟು ದೂರ ಹೋಗುತ್ತದೆ, ಮುಂದೆ ಏನು ಬೇಕಾಗುತ್ತದೆ, ಅದನ್ನೆಲ್ಲ ಹದಿನೆಂಟು ವರ್ಷ ಯೋಚಿಸಿ ಯೋಚಿಸಿ ಇಟ್ಟ ಜೋಡಣೆ ಅದು. ನನ್ನ ಆಪರೇಷನ್ ತಟ್ಟೆಯನ್ನು ಯಾರಾದರೂ ಹೀಗೆ ಕಲಸಿದ್ದರೆ ನಾನು ಅವರನ್ನು ಆಸ್ಪತ್ರೆಯಿಂದಲೇ ಓಡಿಸುತ್ತಿದ್ದೆ. ನನ್ನ ತಟ್ಟೆಯನ್ನು ಪಂಕಜಂ ಜೋಡಿಸುತ್ತಾಳೆ. ಇವರಿಗೆ ಪಂಕಜಮೂ ಇರಲಿಲ್ಲ, ಎರಡೂ ಕೆಲಸ ಅವರದೇ.

ಹನ್ನೊಂದು ಡಬ್ಬಗಳನ್ನೂ ಎಳೆದು ನೆಲಕ್ಕೆ ಸುರಿದೆ. ಒಂದೊಂದು ಸಾಮಾನಿನ ಮೇಲೂ ನಿನ್ನೆಯ ಕುಂಕುಮದ ಚುಕ್ಕೆ.

ಕೈ ಹೊರಗೆ ಬಂತು, ಅಂಗೈ ಮೇಲೆ. "ಉಳಿ."

ಕೊಟ್ಟೆ. ನಟ್ಟಿನ ಮೇಲಿನ ತಗಡನ್ನು ಮೀಟಿದ ಸದ್ದಾಯಿತು. ಅಂಗೈ ಬಂತು. "ಹಾಫ್ ಇಂಚು ರಿಂಗು ಸ್ಪ್ಯಾನರು." ಕೊಟ್ಟೆ. ಅವರು ಅದನ್ನು ಹೆಬ್ಬೆರಳಿಂದ ಮುಟ್ಟಿದರು, ನೋಡಲಿಲ್ಲ. ಅದಲ್ಲ. ಅವರು ಎಸೆಯಲಿಲ್ಲ. ಚಕ್ರದ ಪಕ್ಕ ಮೆಲ್ಲಗೆ, ಸದ್ದಾಗದ ಹಾಗೆ ಇಟ್ಟು ಮತ್ತೆ ಅಂಗೈ ಚಾಚಿದರು. "ಅದರ ತಂಗಿ. ಒಂದು ಸುತ್ತು ಚಿಕ್ಕದು." ಈ ಸಲ ಸರಿಯಾಯಿತು. ಮೇಲೆ ಚಂದ್ರಾಳ ಚೀಲ ಪುಸ್, ಪುಸ್ ಎನ್ನುತ್ತಿತ್ತು. ಅಡಿಯಲ್ಲಿ ಒಂದು ನಟ್ಟು ಬಿಟ್ಟಿತು, ಎರಡನೆಯದು ಬಿಟ್ಟಿತು. ಮೂರನೆಯದು ಹಟ ಮಾಡಿತು. ಅವರು ಏನೂ ಹೇಳುವ ಮೊದಲೇ ನಾನು ಸುತ್ತಿಗೆ ಅಂಗೈಗೆ ಇಟ್ಟೆ.

"ಆಮಾ," ಎಂದರು ಒಳಗಿನಿಂದ. "ಅದೇ ಬೇಕಿತ್ತು."

ನನ್ನ ಜೀವಮಾನದಲ್ಲಿ ಎಷ್ಟೋ ಸಭೆಗಳಲ್ಲಿ ಹೊಗಳಿಸಿಕೊಂಡಿದ್ದೇನೆ. ಅಷ್ಟು ಹೆಮ್ಮೆ ಯಾವತ್ತೂ ಆಗಿಲ್ಲ.

ನಾಲ್ಕನೆಯ ನಟ್ಟು ಬಿಟ್ಟು ದಂಡ ಕೆಳಗೆ ಬಿತ್ತು. ಒಟ್ಟು ಹನ್ನೆರಡು ನಿಮಿಷ. ಅವರು ಅದನ್ನು ಎಳೆದು ಪೊದೆಯ ಪಕ್ಕ ಹಾಕಿ, ಮುಂದಿನ ಚಕ್ರದ ಲಿವರು ಎಳೆದು ಸೀಟಿನಲ್ಲಿ ಕೂತರು. ನಾನು ಗಾಬರಿಯಲ್ಲಿ ಸ್ಪ್ಯಾನರುಗಳನ್ನು ಬಾಚಿ ಬಾಚಿ ಡಬ್ಬಕ್ಕೆ ತುಂಬುತ್ತಿದ್ದೆ.

"ಬೇಡಮ್ಮಾ. ಬಿಡಿ."

"ನಿಮ್ಮ ಸಾಮಾನು ಕಣ್ರೀ! ಎಲ್ಲಾನೂ ಹೀಗೇ ಬಿಟ್ಟು..."

"ಇನ್ನು ಮುಂದಿನ ಚಕ್ರದ ಕ್ರಾಸು ಒಂದೇ ಇರೋದು. ಅದು ಏನು ಹೇಳ್ತದೆ ಅಂತ ನಂಗೆ ಕೇಳ್ಬೇಕು. ಸದ್ದು ಬೇಡ. ಸೀಕ್ರಂ ಹತ್ತಿ."

ಹದಿನೆಂಟು ವರ್ಷ ಕೂಡಿಟ್ಟದ್ದು, ನಿನ್ನೆ ತಾನೇ ಪೂಜೆ ಮಾಡಿದ್ದು, ಕಾಡುದಾರಿಯ ಕೆಸರಿನಲ್ಲಿ ಹರಡಿಬಿದ್ದಿತ್ತು. ಅವರು ತಿರುಗಿ ನೋಡಲಿಲ್ಲ. ಮರುದಿನ ಅವರೂ ಮಲ್ಲಿಗಾಳೂ ಹೋಗಿ ನೋಡಿದಾಗ ಪಟ್ಟಿಯ ಜನ ಒಂದು ಮೊಳೆಯನ್ನೂ ಬಿಡದೆ ಆರಿಸಿ, ತೇಗದ ಎಲೆ ಮುಚ್ಚಿ ಕಾವಲು ಕೂತಿದ್ದರಂತೆ. ಆದರೆ ಅದು ಮರುದಿನದ ಮಾತು, ಆ ಹೊತ್ತಿಗೆ ಅವರ ಲೆಕ್ಕದಲ್ಲಿ ಅದೆಲ್ಲ ಹೋದಂತೆಯೇ.

ಕಲ್ಲು ಸರಿಸಿ ಹೊರಟೆವು. ನಾನು ಚೀಲವನ್ನು ಮತ್ತೆ ಕೈಗೆ ತಗೊಂಡೆ. ಹಳ್ಳ ದಾಟಿದ ಮೇಲೆ ಆಚೆ ದಡ ಕಡಿದಾಗಿ ಏರುತ್ತದೆ. ಮುಂದಿನ ಚಕ್ರಗಳು ಏರಲಾರದೆ ಕೆಸರು ಎರಚಿದವು. ಲಿಂಗಪ್ಪನ್ ಜೀಪನ್ನು ನೀರಿಗೆ ಇಳಿಸಿ, ಹಳ್ಳದೊಳಗೇ ಪೂರ್ತಿ ತಿರುಗಿಸಿದರು.

"ಎಲ್ಲಿಗೆ? ವಾಪಸ್ ಯಾಕೆ?" ಎಂದು ಕಿರುಚಿದೆ.

"ಹಿಂದಾಕೆ ಹತ್ತಿಸ್ತೀನಿ. ಏರಿನಾಗೆ ಭಾರ ಕೆಳಗಡೆ ಚಕ್ರಕ್ಕೆ ಬೀಳ್ತದೆ. ಈಗ ಎಳೆಯೋ ಚಕ್ರ ಕೆಳಗೆ ಇರಬೇಕು."

ಕತ್ತು ಹೊರಳಿಸಿ, ಒಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ನಾಲ್ಕು ಜನ ಹೊತ್ತ ಜೀಪನ್ನು ಅವರು ಆ ದಡದ ಮೇಲೆ ಬೆನ್ನು ಮುಂದಾಗಿ ಹತ್ತಿಸಿದರು. ಜೀಪು ಒಮ್ಮೆಯೂ ಜಾರಲಿಲ್ಲ. ಬಾಯಿ ತೆರೆದಿದ್ದ ನನಗೆ ಮುಚ್ಚಬೇಕೆಂದು ತೋಚಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ಚೀಲ ಅಮುಕುತ್ತಿತ್ತು. ದೇವಸ್ಥಾನದಲ್ಲಿ ನನಗೆ ಬರದ ಭಕ್ತಿ ಆ ಕೊಳಕು ಸೀಟಿನ ಹಿಂದೆ ಕೂತಾಗ ಬಂತು. ಇದನ್ನು ಹೇಳಲು ಸಂಕೋಚವೇನಿಲ್ಲ.

ಟಾರು ರಸ್ತೆ ಸಿಕ್ಕಿತು. ಎರಡೂ ಬದಿ ತೆಂಗಿನ ತೋಟಗಳು, ನಿನ್ನೆಯ ಹಬ್ಬದ ಬಾಳೆಕಂಬ ಕಟ್ಟಿದ ಲಾರಿಗಳು. ಡಬ್ಬಗಳಿಲ್ಲದ ಜೀಪಿನೊಳಗೆ ಎಂಜಿನ್ನಿನ ಗುನುಗಿನ ಮೇಲೂ ನಾಲ್ವರ ಉಸಿರು ಕೇಳುವಂತಿತ್ತು, ಒಂದು ಮಾತ್ರ ನಾನು ಅಮುಕಿದ್ದು. ಚಂದ್ರಾ ಗಂಡನ ಪಾದ ಉಜ್ಜುತ್ತಾ, "ಅಮ್ಮಾ, ಉಳೀತಾರಾ?" ಎಂದು ಕೇಳಿದಳು. ನಾನು ಸುಳ್ಳು ಹೇಳಲಾರದೆ, ನಿಜವೂ ತಿಳಿಯದೆ, "ಉಜ್ಜು," ಎಂದೆ. ನನ್ನ ಬೆರಳುಗಳು ಮರಗಟ್ಟಿದ್ದವು. ಒಂದು ಗಂಟೆ ಮೀರಿತ್ತು. ಇಂಜೆಕ್ಷನ್ ಹಿಡಿಯುವುದಿದ್ದರೆ ಇಷ್ಟರಲ್ಲಿ ಹಿಡಿಯಬೇಕಿತ್ತು. ಅವನ ರೆಪ್ಪೆ ಎತ್ತಿ ನೋಡಿದೆ, ಏನೂ ಬದಲಾವಣೆ ಇಲ್ಲ. ಮನಸ್ಸಿನಲ್ಲಿ ಆಗಲೇ ಕೈಬಿಡಲು ಶುರುಮಾಡಿದ್ದೆ. ಹೇಳಿದರೆ ತಪ್ಪಾಗುತ್ತದೇನೋ, ಆದರೆ ಡಾಕ್ಟರುಗಳಿಗೆ ಆ ಗಳಿಗೆ ಬರುತ್ತದೆ. ಕೈ ಕೆಲಸ ಮಾಡುತ್ತಿರುತ್ತದೆ, ಒಳಗೆ ಯಾರೋ ಎದ್ದುಹೋಗಿರುತ್ತಾರೆ.

ಊರ ಹೊರಗಿನ ರೈಲ್ವೆ ಗೇಟು ಮುಚ್ಚಿತ್ತು. ಮುಂದೆ ಎರಡು ಎತ್ತಿನಗಾಡಿ, ಒಂದು ಬಸ್ಸು. ಪಕ್ಕದಲ್ಲಿ ನುಗ್ಗಲು ಜಾಗವೇ ಇಲ್ಲ. ಆಸ್ಪತ್ರೆ ಅಲ್ಲಿಂದ ಅರ್ಧ ಮೈಲಿ. ಬಸ್ಸಿನ ಹಿಂದೆ ಜೀಪು ನಿಂತಿತು. ನಿಂತದ್ದೇ, ಲಿಂಗಪ್ಪನ್ ಎಂಜಿನ್ ಆರಿಸಿದರು.

"ಯಾಕ್ರೀ ಆಫ್ ಮಾಡಿದ್ರಿ? ಹಾರ್ನ್ ಹೊಡೀರಿ! ಇಳಿದು ಹೋಗಿ ಗೇಟ್ ತೆಗೆಸಿ!" ನನ್ನ ಕೋಪ ಪೂರ್ತಿ ಅವರ ಬೆನ್ನ ಮೇಲೆ ಬಿತ್ತು.

ಅವರು ಬಲಗೈ ಮೇಲೆತ್ತಿದರು. ತಲೆ ವಾಲಿಸಿ, ಕಿವಿಯನ್ನು ಸೀಟಿನ ಹಿಂದಕ್ಕೆ ಕೊಟ್ಟಿದ್ದರು. ಕೀಲು, ಬೆಲ್ಟು, ಬೇರಿಂಗುಗಳ ಮಾತು ಕೇಳಲು ಅವರು ಹಾಗೆ ವಾಲಿಸುವುದನ್ನು ಬೆಳಿಗ್ಗೆಯಿಂದ ನೋಡಿದ್ದೆ.

"ಅಮ್ಮಾ," ಎಂದರು ಪಿಸುದನಿಯಲ್ಲಿ. "ನೀವು ಅಮುಕೋ ಮುಂಚೆ ಇನ್ನೊಂದು ಸದ್ದು ಬತ್ತದೆ. ಸಣ್ಣದು. ಆ ತೋಪಿನ ಹತ್ರದಿಂದ ಕೇಳ್ತಾ ಇವ್ನಿ. ನಿಮ್ದಲ್ಲ ಅದು."

ಅವನ ಎದೆಯ ಮೇಲೆ ನನ್ನ ಮೊಣಕೈ ಇತ್ತು, ಅವನ ಮುಖ ನನ್ನ ಮುಖದಿಂದ ಒಂದು ಗೇಣು ದೂರ. ಹನ್ನೆರಡು ವರ್ಷದಿಂದ ಡಾಕ್ಟರಾಗಿದ್ದೆ. ನನಗೆ ಏನೂ ಕೇಳಿಸಿರಲಿಲ್ಲ.

ನಾನು ಚೀಲದಿಂದ ಕೈ ತೆಗೆದೆ. ಚಂದ್ರಾ ಉಜ್ಜುವುದನ್ನು ನಿಲ್ಲಿಸಿದಳು. ರೈಲು ಇನ್ನೂ ದೂರವಿತ್ತು, ಎತ್ತುಗಳೂ ಸುಮ್ಮನಿದ್ದವು. ನಾನು ಉಸಿರು ಬಿಗಿಹಿಡಿದು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು.

ಮಯಿಲ್‌ಸಾಮಿಯ ಎದೆ ತಾನಾಗಿಯೇ ಎದ್ದಿತು.